ಗೋಧಿ ಸೀಮೆಯಿಂದ ಹೋದ ವಿಮಾನ ಚಾಲಕ
(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಕೂಟದಲ್ಲಿ ಮಾಡಿದ ಭಾಷಣದ ಪಠ್ಯ)



ಬೇಸಾಯಗಾರರ ಸಭೆಯೆಂದರೆ ಬಿತ್ತನೆ, ಗೊಬ್ಬರ, ರೋಗ, ಕೀಟಗಳ ಮಾತು ಬರುವುದು ವಾಡಿಕೆ. ಇಂದಿನ ಮಾತಿನಲ್ಲಿಯೂ ಗೊಬ್ಬರದ ವಿಷಯ ಸ್ವಲ್ಪ ಬರುತ್ತದೆ. ಆದರೆ ಮುಖ್ಯವಾಗಿ ಇದು ಒಬ್ಬ ಮನುಷ್ಯನ ಕಥೆ. ಕುರಿ ಸಾಕುವುದು, ಬೇಲಿ ಕಟ್ಟುವುದು, ಕುದುರೆ ಏರಿ ಹುಲ್ಲುಗಾವಲು ಸುತ್ತುವುದು, ಇದು ಆಸ್ಟ್ರೇಲಿಯಾದ ಆ ಯುವಕನ ಕಸುಬಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಆತ ವಿಮಾನ ಚಾಲಕನಾದ. 1942ರ ನವೆಂಬರ್ 29ರಂದು, ಬೆಳಕು ಹರಿಯುವ ಮೊದಲೇ, ಇಂಗ್ಲೆಂಡಿನ ಕರಾವಳಿಯ ಸಮುದ್ರದಲ್ಲಿ ಪ್ರಾಣ ಬಿಟ್ಟ. ಆಗ ಆತನಿಗೆ 26 ವರ್ಷ. ಹೆಸರು ರಾಡನ್ ಹ್ಯೂಮ್ ಮಿಡ್ಲ್‌ಟನ್. ಬಳಕೆಯಲ್ಲಿದ್ದ ಹೆಸರು ರಾನ್.

ಯುದ್ಧದ ವೀರಕಥೆಗಳು ಬೇಕಾದಷ್ಟಿವೆ. ಈ ಕಥೆಯನ್ನು ರೈತರ ಮುಂದೆ ಇಡುವುದಕ್ಕೆ ಕಾರಣ ಬೇರೆ. ಆ ಕೊನೆಯ ರಾತ್ರಿ ಆತ ಮಾಡಬೇಕಾಗಿ ಬಂದ ಲೆಕ್ಕ ಖುಷ್ಕಿ ಬೇಸಾಯಗಾರನಿಗೆ ಪರಿಚಿತವಾದದ್ದು. ಕೈಯಲ್ಲಿರುವುದು ಇಷ್ಟು, ದಾಟಬೇಕಾದ ದಾರಿ ಅಷ್ಟು, ನಡುವೆ ಇನ್ನೇನು ಬರುತ್ತದೋ ತಿಳಿಯದು. ಭಾವಿಯ ನೀರು ಫಸಲಿನ ಕೊನೆಯವರೆಗೆ ಬಂದೀತೇ ಬಾರದೇ ಎಂಬ ಲೆಕ್ಕವನ್ನು ಒಮ್ಮೆಯಾದರೂ ಹಾಕಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರು ಮತ್ತು ಕಸುಬು

ಮಿಡ್ಲ್‌ಟನ್ ಹುಟ್ಟಿದ್ದು 1916ರ ಜುಲೈ 22ರಂದು, ಸಿಡ್ನಿ ನಗರದ ವೇವರ್ಲಿ ಎಂಬ ಭಾಗದಲ್ಲಿ. ಹುಟ್ಟು ಪಟ್ಟಣದ್ದಾದರೂ ಬೆಳೆದದ್ದು ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮ ಭಾಗದ ಒಳನಾಡಿನಲ್ಲಿ. ಓದಿದ್ದು ಡಬ್ಬೋ ಪಟ್ಟಣದ ಹೈಸ್ಕೂಲಿನಲ್ಲಿ. ಆಟಗಳಲ್ಲಿ ಮುಂದು, ಮಾತಿನಲ್ಲಿ ಹಿಂದು. ಆತನ ಹಿಂದಿನ ತಲೆಮಾರಿಗೆ ಸೇರಿದ ಬಂಧು ಹ್ಯಾಮಿಲ್ಟನ್ ಹ್ಯೂಮ್ ಎಂಬಾತ 1824ರಲ್ಲಿ ಹೋವೆಲ್ ಎಂಬುವನ ಜೊತೆಗೂಡಿ, ದಾರಿಯಿಲ್ಲದ ಸೀಮೆಯಲ್ಲಿ ದಕ್ಷಿಣದ ಕಡಲಿನವರೆಗೂ ದಾರಿ ಕಂಡುಹಿಡಿದ ಶೋಧಕ. ‘ಹ್ಯೂಮ್’ ಎಂಬ ಹೆಸರು ಈ ಹುಡುಗನಿಗೆ ಬಂದದ್ದು ಆ ಮನೆತನದಿಂದಲೇ.

ಶಾಲೆ ಬಿಟ್ಟ ಮೇಲೆ ಆತ ಯಾರಬಂದೈ ಎಂಬ ಸಣ್ಣ ಊರಿನ ಬಳಿಯ ಲೀವಾಂಗ್ ಎಂಬ ದೊಡ್ಡ ಹಿಡುವಳಿಯಲ್ಲಿ ಕೆಲಸಕ್ಕೆ ನಿಂತ. ಜಮೀನು ಸ್ವಂತದ್ದಲ್ಲ, ತಂದೆ ಅಲ್ಲಿ ವ್ಯವಸ್ಥಾಪಕ. ಮಗ ಅಲ್ಲಿ ‘ಜಾಕಾರೂ’. ಈ ಪದಕ್ಕೆ ನಮ್ಮಲ್ಲಿ ಸರಿಯಾದ ಮಾತಿಲ್ಲ. ಕೂಲಿಯಾಳು ಎನ್ನುವಂತಿಲ್ಲ, ಒಡೆಯನ ಮಗ ಎನ್ನುವಂತೆಯೂ ಇಲ್ಲ. ಮುಂದೆ ಹಿಡುವಳಿ ನಡೆಸುವ ಜವಾಬ್ದಾರಿ ಹೊರಬೇಕಾದ ಹುಡುಗ ಮೊದಲು ಎಲ್ಲ ಕೆಲಸವನ್ನೂ ಕೈಯಾರೆ ಮಾಡಿ ಕಲಿಯುವ ಪದ್ಧತಿ ಅದು. ಮಂದೆಯನ್ನು ಒಂದು ಗೋಮಾಳದಿಂದ ಇನ್ನೊಂದಕ್ಕೆ ಹೊಡೆಯುವುದು, ತಂತಿ ಬೇಲಿ ಎಳೆಯುವುದು, ಮರಿ ಹಾಕುವ ಕಾಲದಲ್ಲಿ ಕಾವಲಿರುವುದು, ಕೆರೆಕಟ್ಟೆಯಲ್ಲಿ ನೀರು ಎಷ್ಟಿದೆ ಎಂದು ನೋಡಿಕೊಂಡು ಬರುವುದು, ಉಣ್ಣೆ ಕತ್ತರಿಸುವ ಕಾಲಕ್ಕೆ ದಿನವಿಡೀ ದುಡಿಯುವುದು. ಡಿಗ್ರಿ ಪಡೆದು ಬಂದ ನಮ್ಮ ಹುಡುಗರನ್ನು ಒಂದು ವರ್ಷ ಹೀಗೆ ಬಿಟ್ಟು ನೋಡಬೇಕು ಎಂದು ಹಿರಿಯ ರೈತರು ಆಗಾಗ್ಗೆ ಹೇಳುವುದುಂಟು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಆ ಸೀಮೆಯ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ವರ್ಷದ ಮಳೆ ಸುಮಾರು 450 ಮಿಲಿಮೀಟರ್, ಅಂದರೆ ಹೆಚ್ಚು ಕಡಿಮೆ ನಮ್ಮ ಚಳ್ಳಕೆರೆ ಸೀಮೆಯಷ್ಟು. ವ್ಯತ್ಯಾಸವಿರುವುದು ಹಂಚಿಕೆಯಲ್ಲಿ. ನಮ್ಮದು ಮುಂಗಾರು ಹಿಂಗಾರುಗಳ ಮಳೆ. ಅಲ್ಲಿಯದು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಚದುರಿದ್ದು, ಅದೂ ನಂಬಿಕೆಯಿಲ್ಲದ್ದು. ಭೂಮಧ್ಯ ರೇಖೆಯ ಆಚೆಯ ದೇಶವಾದ್ದರಿಂದ ಋತುಗಳು ತಿರುವುಮುರುವು. ಏಪ್ರಿಲ್‌ನಿಂದ ಜೂನ್‌ವರೆಗೆ ಗೋಧಿ ಬಿತ್ತನೆ, ನವೆಂಬರ್ ಡಿಸೆಂಬರಿನಲ್ಲಿ ಕೊಯ್ಲು. ಗೋಧಿಯ ಕೂಳೆಯಲ್ಲೂ ಬೀಳು ಬಿಟ್ಟ ಹೊಲದಲ್ಲೂ ಮೆರಿನೊ ಕುರಿ. ಗೋಧಿ ಕೈಕೊಟ್ಟರೆ ಉಣ್ಣೆ, ಉಣ್ಣೆಯ ಬೆಲೆ ಬಿದ್ದರೆ ಗೋಧಿ. ನಮ್ಮ ಚಿತ್ರದುರ್ಗದ ಕಡೆ ಹೊಲದ ಜೊತೆಗೆ ಕುರಿ, ಕುರಿಯ ಜೊತೆಗೆ ಕಂಬಳಿ ಇದ್ದಂತೆಯೇ ಇದು. ಅಳತೆ ಮಾತ್ರ ದೊಡ್ಡದು.

ಯುದ್ಧ ಶುರುವಾದ ಕಾಲಕ್ಕೆ ಆ ದೇಶದ ಆಗ್ನೇಯ ಭಾಗದಲ್ಲಿ ದೀರ್ಘವಾದ ಬರವೊಂದು ಆವರಿಸುತ್ತಿತ್ತು. 1937ರಲ್ಲಿ ಶುರುವಾಗಿ ನಡುನಡುವೆ ಬಿಡುವು ಕೊಡುತ್ತ 1945ರವರೆಗೂ ಎಳೆದ ಬರ ಅದು. ಇಂಥ ದಿನಗಳಲ್ಲಿ, 1940ರ ಅಕ್ಟೋಬರ್ 14ರಂದು, ಮಿಡ್ಲ್‌ಟನ್ ಆಸ್ಟ್ರೇಲಿಯಾದ ವಾಯುಪಡೆಗೆ ಸೇರಿದ.

ಬ್ರಿಟನ್ನು ಮತ್ತು ಅದರ ಡೊಮಿನಿಯನ್ ದೇಶಗಳು 1939ರ ಡಿಸೆಂಬರಿನಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್‌ಗಳ ಯುವಕರಿಗೆ ಆಯಾ ದೇಶಗಳಲ್ಲಿಯೂ ಮುಖ್ಯವಾಗಿ ಕೆನಡಾದಲ್ಲಿಯೂ ವಿಮಾನ ತರಬೇತಿ ಕೊಟ್ಟು ಯುದ್ಧರಂಗಕ್ಕೆ ಕಳಿಸುವ ಯೋಜನೆ ಅದು. ಮಿಡ್ಲ್‌ಟನ್ ಮೊದಲು ಹಾರಲು ಕಲಿತದ್ದು ನ್ಯಾರೊಮೈನ್ ಎಂಬಲ್ಲಿ. ಅದೂ ಗೋಧಿ ಸೀಮೆಯ ಊರೇ, ಆತ ಓದಿದ ಡಬ್ಬೋ ಪಟ್ಟಣಕ್ಕೆ ಹತ್ತಿರ. ಅಲ್ಲಿಂದ ಕೆನಡಾಕ್ಕೆ, 1941ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ.

1942ರ ಆರಂಭದಲ್ಲಿ ಆತನನ್ನು ಬ್ರಿಟಿಷ್ ವಾಯುಪಡೆಯ 149ನೆಯ ಸ್ಕ್ವಾಡ್ರನ್‌ಗೆ ಹಾಕಿದರು. ಆ ಸ್ಕ್ವಾಡ್ರನ್ನಿನ ಹೆಸರಿನ ಜೊತೆಗೆ ‘ಈಸ್ಟ್ ಇಂಡಿಯಾ’ ಎಂದು ಸೇರಿತ್ತು. ಯುದ್ಧನಿಧಿಗೆ ಹಣ ಕೊಟ್ಟ ನಾಡುಗಳ ಹೆಸರನ್ನು ಹೀಗೆ ಸ್ಕ್ವಾಡ್ರನ್‌ಗಳಿಗೆ ಇಡುವ ರೂಢಿ ಆಗ ಇತ್ತು. ನಮ್ಮ ಮೈಸೂರಿನ ಹೆಸರೂ ಹಾಗೆ ಹೋಗಿದೆ. 1941ರಲ್ಲಿ ಕಟ್ಟಿದ 129ನೆಯ ಸ್ಕ್ವಾಡ್ರನ್‌ಗೆ ‘ಮೈಸೂರು’ ಎಂದು ಹೆಸರು. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಮೈಸೂರಿನ ಹಳ್ಳಿಗಳ ಕಂದಾಯದ ದುಡ್ಡು ಇಂಗ್ಲೆಂಡಿನ ಆಕಾಶದಲ್ಲಿ ಹಾರಾಡಿದ ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ.

ಹೊರೆ ಹೊತ್ತ ಗಾಡಿ, ಏರು ದಾರಿ

ಮಿಡ್ಲ್‌ಟನ್ ಹಾರಿಸುತ್ತಿದ್ದದ್ದು ಸ್ಟರ್ಲಿಂಗ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬರ್ ವಿಮಾನ. ಅದರಲ್ಲಿ ಏಳೆಂಟು ಜನ. ವಿಮಾನ ಗಟ್ಟಿಯಾದದ್ದು, ತಿರುಗುವುದರಲ್ಲಿ ಚುರುಕು. ಆದರೆ ಅದಕ್ಕೆ ಒಂದು ಹುಟ್ಟುಗುಣವಿತ್ತು. ಮೈಗೆ ತಕ್ಕ ರೆಕ್ಕೆ ಇರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ನೂರು ಅಡಿ ಮೀರದ ರೆಕ್ಕೆಯಿಂದಾಗಿ ಭಾರ ಹೊತ್ತು ಎತ್ತರಕ್ಕೆ ಏರಲು ಅದು ಬಹಳ ತಿಣುಕುತ್ತಿತ್ತು. ಹೊರೆ ತುಂಬಿದ ಗಾಡಿ ಘಾಟಿ ಹತ್ತುವಾಗ ಎತ್ತುಗಳ ಉಸಿರು ಹೇಗೆ ಕಟ್ಟುತ್ತದೋ ಹಾಗೆ. ಗಾಡಿಯಾದರೆ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಎತ್ತುಗಳಿಗೆ ದಣಿವಾರಿಸಬಹುದು. ವಿಮಾನ ನಿಲ್ಲುವಂತಿಲ್ಲ. ಏರಿದಷ್ಟೂ ಪೆಟ್ರೋಲು ಖರ್ಚು.

1942ರ ನವೆಂಬರ್ 28ರ ರಾತ್ರಿ ಆತನ ಗುರಿ ಇಟಲಿಯ ಟ್ಯೂರಿನ್ ನಗರದ ಫಿಯೆಟ್ ಕಾರ್ಖಾನೆ. ಕಾರುಗಳಿಗೂ 1919ರಿಂದ ಟ್ರ್ಯಾಕ್ಟರುಗಳಿಗೂ ಹೆಸರಾದ ಈ ಸಂಸ್ಥೆ ಯುದ್ಧಕಾಲದಲ್ಲಿ ಸೈನ್ಯದ ವಾಹನ, ವಿಮಾನದ ಎಂಜಿನ್ ಮುಂತಾದುವನ್ನು ಮಾಡುತ್ತಿತ್ತು. ಇಂಗ್ಲೆಂಡಿನ ಪೂರ್ವ ಭಾಗದಿಂದ ಅಲ್ಲಿಗೆ ನೇರ ದಾರಿಯೇ ಸಾವಿರ ಕಿಲೋಮೀಟರಿನಷ್ಟು. ನಡುವೆ ಆಲ್ಪ್ಸ್ ಪರ್ವತ. ಅದರ ಅತಿ ಎತ್ತರದ ಶಿಖರ 4,800 ಮೀಟರಿಗೂ ಹೆಚ್ಚು, ಅಂದರೆ 15,700 ಅಡಿ ಮೀರಿದ್ದು. ಸ್ಟರ್ಲಿಂಗ್ ತಿಣುಕಾಡಿ ಏರಿದ್ದು 12,000 ಅಡಿಗೆ. ಹಾಗಾಗಿ ಪರ್ವತದ ಮೇಲೆ ಹಾರುವುದಲ್ಲ, ಶಿಖರಗಳ ನಡುವೆ ಸಂದು ಹುಡುಕಿಕೊಂಡು ಹೋಗುವುದೇ ದಾರಿ. ಆ ರಾತ್ರಿ ಕತ್ತಲೆ ಎಷ್ಟಿತ್ತೆಂದರೆ ಶಿಖರಗಳೇ ಕಾಣುತ್ತಿರಲಿಲ್ಲ.

ಮಿಡ್ಲ್‌ಟನ್‌ಗೆ ಅದು 29ನೆಯ ದಾಳಿ. 30 ಮುಗಿಸಿದವರಿಗೆ ವಿಶ್ರಾಂತಿ ಕೊಡುವುದು ಆಗಿನ ಪದ್ಧತಿ. ಇದೊಂದು, ಇನ್ನೊಂದು ಆಗಿದ್ದರೆ ಆತ ಕೆಲವು ಕಾಲವಾದರೂ ಯುದ್ಧದಿಂದ ಹೊರಗಿರುತ್ತಿದ್ದ. ಬಾಂಬರ್ ಪಡೆಯಲ್ಲಿ ಯುದ್ಧಕಾಲದಲ್ಲಿ ದುಡಿದ ಸುಮಾರು 1,25,000 ವೈಮಾನಿಕರಲ್ಲಿ ಸತ್ತವರು 55,573. ಅವರಲ್ಲಿ ಆಸ್ಟ್ರೇಲಿಯಾದವರೇ ಸುಮಾರು 3,500. ಹಾಗಾಗಿ ಆ 30ರ ಎಣಿಕೆ ಏನೆಂಬುದು ಎಲ್ಲ ವೈಮಾನಿಕರಿಗೂ ಗೊತ್ತಿತ್ತು.

ಪರ್ವತ ದಾಟುವಾಗಲೇ ಪೆಟ್ರೋಲಿನ ಲೆಕ್ಕ ತಪ್ಪಿತು. ಏರುವುದಕ್ಕೆ ಅಂದಾಜಿಗಿಂತ ಹೆಚ್ಚು ಉರಿದುಹೋಗಿತ್ತು. ಉಳಿದದ್ದು ವಾಪಸು ಬರಲು ಹೆಚ್ಚು ಕಡಿಮೆ ಸಾಕಾಗುವಷ್ಟೇ. ಮುಂದೆ ಹೋಗುವುದೋ, ಅಲ್ಲಿಂದಲೇ ತಿರುಗುವುದೋ? ಅದೇ ಹೊತ್ತಿಗೆ ಎದುರಿಗೆ, ಮುಂದೆ ಹೋದ ವಿಮಾನಗಳು ಬಿಟ್ಟ ಬೆಳಕಿನ ಬಾಣಗಳು ಕಂಡವು. ಗುರಿ ಹತ್ತಿರದಲ್ಲೇ ಇದೆ ಎಂದಾಯಿತು. ಮಿಡ್ಲ್‌ಟನ್ ಮುಂದೆ ಹೋದ.

ಈ ತೀರ್ಮಾನ ಸರಿಯೇ ತಪ್ಪೇ ಎಂದು ಕುಳಿತ ಕಡೆಯಿಂದ ಹೇಳುವುದು ಸುಲಭ. ಬಿತ್ತಿದ ಮೇಲೆ ಮಳೆ ಕೈಕೊಟ್ಟು, ಉಳಿದ ಅರ್ಧ ಚೀಲ ಬೀಜವನ್ನು ಮತ್ತೆ ಬಿತ್ತುವುದೋ ಮನೆಯ ಊಟಕ್ಕೆ ಇಡುವುದೋ ಎಂದು ನಿಂತವನಿಗೆ ಗೊತ್ತು, ಆಗ ಸರಿ ಎಂಬುದು ಮುಂದಿನ ವಾರ ಬರುವ ಮೋಡದ ಕೈಯಲ್ಲಿರುತ್ತದೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಆತ ಪಣಕ್ಕಿಟ್ಟದ್ದು ತನ್ನ ಪಾಲನ್ನಷ್ಟೇ ಅಲ್ಲ. ಹಿಂದೆ ಕುಳಿತ ಏಳು ಜನರ ಪಾಲನ್ನೂ ಇಟ್ಟ. ಆ ರಾತ್ರಿಯ ಉಳಿದ ಭಾಗವೆಲ್ಲ ಆ ಸಾಲವನ್ನು ತೀರಿಸಿದ ಕಥೆಯೆಂದೇ ಹೇಳಬೇಕು.

ಕಾರ್ಖಾನೆಯನ್ನು ಖಚಿತವಾಗಿ ಗುರುತಿಸಲು ವಿಮಾನವನ್ನು 2,000 ಅಡಿಗೆ ಇಳಿಸಿದ. ಇಳಿದದ್ದನ್ನು ಮತ್ತೆ ಏರಬೇಕು, ಅದಕ್ಕೂ ಪೆಟ್ರೋಲು ಬೇಕು. ಆದರೂ ನಗರದ ಮೇಲೆ ಮೂರು ಸಲ ಹಾರಿದ ಮೇಲೆ ಗುರಿ ಸಿಕ್ಕಿತು. ಅಷ್ಟರಲ್ಲಿ ಕೆಳಗಿನ ಫಿರಂಗಿಗಳು ಹಿಡಿದುಬಿಟ್ಟವು. ಎಡ ರೆಕ್ಕೆಯಲ್ಲಿ ದೊಡ್ಡ ತೂತು ಬಿದ್ದು ವಿಮಾನ ಒಂದು ಕಡೆಗೆ ವಾಲಿತು. ಹಿಂದೆಯೇ ಒಂದು ಗುಂಡು ಚಾಲಕರ ಕೋಣೆಯಲ್ಲೇ ಸಿಡಿಯಿತು. ಮುಂದಿನ ಗಾಜು ಪುಡಿಯಾಯಿತು. ಚೂರೊಂದು ಮಿಡ್ಲ್‌ಟನ್‌ನ ಮುಖವನ್ನು ಸೀಳಿ ಬಲಗಣ್ಣನ್ನು ಕಿತ್ತುಹಾಕಿತು. ಕಣ್ಣಿನ ಮೇಲಿನ ಎಲುಬು ಕಾಣುವಂತಾಯಿತು. ಸಹಚಾಲಕ ಹೈಡರ್‌ಗೆ ತಲೆಗೂ ಎರಡು ಕಾಲುಗಳಿಗೂ ಪೆಟ್ಟು. ವೈರ್‌ಲೆಸ್ ನೋಡಿಕೊಳ್ಳುವವನ ಕಾಲಿಗೂ ಗಾಯ.

ಮಿಡ್ಲ್‌ಟನ್ ಎಚ್ಚರ ತಪ್ಪಿದ. ವಿಮಾನ 800 ಅಡಿಯವರೆಗೆ ಕುಸಿಯಿತು. ರಕ್ತ ಸುರಿಯುತ್ತಿದ್ದ ಹೈಡರ್ ಅದನ್ನು ಹಿಡಿದು, 1,500 ಅಡಿಗೆ ಎತ್ತಿ, ಬಾಂಬುಗಳನ್ನು ಬಿಡಿಸಿದ. ಆ ವರ್ಷದ ಚಳಿಗಾಲದಲ್ಲಿ ಟ್ಯೂರಿನ್ನಿನ ಮೇಲೆ ಬಿದ್ದ ಬಾಂಬುಗಳು ಕಾರ್ಖಾನೆಗಳ ಮೇಲಷ್ಟೇ ಬೀಳಲಿಲ್ಲ, ಮನೆಗಳ ಮೇಲೂ ಬಿದ್ದವು. ಯುದ್ಧದೊಂದಿಗೆ ಸಂಬಂಧವಿಲ್ಲದ ಹೆಂಗಸರು ಮಕ್ಕಳೂ ಸತ್ತರು. ಶೌರ್ಯದ ಕಥೆ ಹೇಳುವಾಗ ಆ ಮಾತನ್ನು ಬಿಟ್ಟರೆ ಅರ್ಧ ಹೇಳಿದಂತೆ.

ಎಚ್ಚರವಾದ ಕೂಡಲೆ ಮಿಡ್ಲ್‌ಟನ್ ಸಹಚಾಲಕನನ್ನು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಹಿಂದಕ್ಕೆ ಕಳಿಸಿ, ತಾನೇ ಹಿಡಿಕೆ ಹಿಡಿದ. ಉಳಿದ ಒಂದು ಕಣ್ಣಿಗೂ ಬಹಳ ಮಬ್ಬು. ಮಾತನಾಡಿದರೆ ರಕ್ತ ಹೋಗುತ್ತಿತ್ತು, ನೋವೂ ಬಹಳ. ಇದನ್ನರಿತ ಹೈಡರ್ ಪಟ್ಟಿ ಪೂರ್ತಿ ಕಟ್ಟುವ ಮೊದಲೇ ಎದ್ದು ಬಂದು ಪಕ್ಕದಲ್ಲಿ ಕುಳಿತ.

ಆಗ ವಿಮಾನದೊಳಗೆ ಒಂದು ಸಣ್ಣ ಸಮಾಲೋಚನೆ ನಡೆಯಿತು. ಎದುರಿಗೆ ಮತ್ತೆ ಆಲ್ಪ್ಸ್. ಗಾಜಿಲ್ಲದ ಕಿಟಕಿ, ತೂತು ಬಿದ್ದ ರೆಕ್ಕೆ, ಸಾಲದ ಪೆಟ್ರೋಲು. ಎಲ್ಲರೂ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿಬಿಡಬಹುದು. ಇಲ್ಲವೇ ಉತ್ತರ ಫ್ರಾನ್ಸಿನಲ್ಲಿ ಎಲ್ಲಾದರೂ ಇಳಿಸಬಹುದು. ಎರಡರಲ್ಲಿಯೂ ಬದುಕುವ ಅವಕಾಶವಿತ್ತು, ಆದರೆ ಶತ್ರುವಿನ ಸೆರೆ ಬಹುಮಟ್ಟಿಗೆ ಖಚಿತ. ಮಿಡ್ಲ್‌ಟನ್ ತನ್ನ ಇಂಗಿತ ಹೇಳಿದ: ಇಂಗ್ಲೆಂಡಿನ ದಡ ಮುಟ್ಟಿಸುತ್ತೇನೆ, ಅಲ್ಲಿ ನೀವೆಲ್ಲ ಹಾರಿಕೊಳ್ಳಿ. ತನ್ನ ಸ್ಥಿತಿಯಲ್ಲಿ ಅಷ್ಟು ದೂರ ಹೋದ ಮೇಲೆ ತನಗೆ ಹಾರಲು ಶಕ್ತಿ ಉಳಿಯುವುದಿಲ್ಲವೆಂಬುದು ಆತನಿಗೆ ತಿಳಿದಿತ್ತು. ಫ್ರಾನ್ಸಿನಲ್ಲಿ ಇಳಿದಿದ್ದರೆ ಆತನೇ ಬದುಕುತ್ತಿದ್ದನೇನೋ. ಸೆರೆಯಾದರೂ ಆಸ್ಪತ್ರೆ ಸಿಗುತ್ತಿತ್ತು. ಆ ಲಾಭ ಆತನದು, ಸೆರೆಯ ನಷ್ಟ ಎಲ್ಲರದು. ಲೆಕ್ಕವನ್ನು ಆತ ಆ ಕಡೆಯಿಂದ ಹಾಕಲಿಲ್ಲ.

ನಾಲ್ಕು ಗಂಟೆಗಳ ಹಾರಾಟ. ಅದರ ಬಗ್ಗೆ ಹೇಳುವುದು ಕಡಿಮೆ. ಫ್ರಾನ್ಸಿನ ಕರಾವಳಿಗೆ ಬಂದಾಗ 6,000 ಅಡಿ ಎತ್ತರದಲ್ಲಿದ್ದ ವಿಮಾನಕ್ಕೆ ಮತ್ತೆ ಗುಂಡಿನ ಮಳೆ. ಆತ ಇದ್ದಬದ್ದ ಶಕ್ತಿ ಕೂಡಿಸಿ ವಿಮಾನವನ್ನು ಓರೆಕೋರೆಯಾಗಿ ತಿರುಗಿಸಿ ತಪ್ಪಿಸಿದ. ಕಡಲುಗಾಲುವೆ ದಾಟಿ ಕೆಂಟ್ ಪ್ರಾಂತ್ಯದ ದಡ ಮುಟ್ಟಿದಾಗ ಉಳಿದಿದ್ದದ್ದು ಐದು ನಿಮಿಷದ ಪೆಟ್ರೋಲು.

ದಡದ ಗುಂಟ ವಿಮಾನವನ್ನು ಹಾಯಿಸುತ್ತ ಎಲ್ಲರಿಗೂ ಹಾರಲು ಆಜ್ಞೆ ಕೊಟ್ಟ. ಐದು ಜನ ಹಾರಿ ಬದುಕಿದರು. ಗಾಯಗೊಂಡ ಹೈಡರ್ ಅವರಲ್ಲೊಬ್ಬ. ಮುಂದಿನ ಗನ್ನರ್ ಮ್ಯಾಕಿ ಮತ್ತು ಎಂಜಿನ್ ನೋಡಿಕೊಳ್ಳುವ ಜೆಫ್ರಿ ಮಾತ್ರ ಚಾಲಕನಿಗೆ ನೆರವಾಗಲು ಕೊನೆಯವರೆಗೂ ಉಳಿದರು. ಜೆಫ್ರಿಗೆ 19 ವರ್ಷ. ಪದಕದ ಕಥೆಯಲ್ಲಿ ಈ ಇಬ್ಬರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಅದು ಸಾಲದು. ಹೋಗಬಹುದೆಂದು ಹೇಳಿಸಿಕೊಂಡ ಮೇಲೂ ಹೋಗದೆ ನಿಂತವರು ಅವರು.

ಮಿಡ್ಲ್‌ಟನ್ ವಿಮಾನವನ್ನು ನೆಲದಿಂದ ದೂರಕ್ಕೆ, ಸಮುದ್ರದ ಕಡೆಗೆ ತಿರುಗಿಸಿದ. ಡಿಮ್‌ಚರ್ಚ್ ಎಂಬ ಊರಿನ ಆಚೆ ಅದು ನೀರಿಗೆ ಬಿತ್ತು. ಮ್ಯಾಕಿ, ಜೆಫ್ರಿಯರ ದೇಹಗಳು ಮರುದಿನ ಸಿಕ್ಕಿದವು. ಮಿಡ್ಲ್‌ಟನ್ ಸಿಗಲಿಲ್ಲ.

ಆಮೇಲೆ

1943ರ ಜನವರಿಯಲ್ಲಿ ಆತನಿಗೆ ವಿಕ್ಟೋರಿಯಾ ಕ್ರಾಸ್ ಪದಕ ಘೋಷಣೆಯಾಯಿತು. ಆ ಯುದ್ಧದಲ್ಲಿ ಆಸ್ಟ್ರೇಲಿಯಾದ ವಾಯುಪಡೆಗೆ ಬಂದ ಮೊದಲ ವಿಕ್ಟೋರಿಯಾ ಕ್ರಾಸ್ ಅದು. ಸಾಯುವಾಗ ಆತ ಫ್ಲೈಟ್ ಸಾರ್ಜೆಂಟ್. ಪೈಲಟ್ ಆಫೀಸರ್ ಎಂಬ ಅಧಿಕಾರಿ ದರ್ಜೆಯೂ ಬಂತು, ಸಾವಿಗೆ ಮುಂಚಿನ ದಿನಾಂಕದಿಂದಲೇ. ಆದೇಶ ಹೊರಬಿದ್ದದ್ದು ಮಾತ್ರ ಸತ್ತ ಮೇಲೆ. ಸರ್ಕಾರಿ ಕಾಗದ ಎಲ್ಲ ದೇಶಗಳಲ್ಲಿಯೂ ಒಂದೇ ವೇಗದಲ್ಲಿ ನಡೆಯುತ್ತದೆ. ಪದಕ ಘೋಷಣೆಯಾದಾಗಲೂ ದೇಹ ಸಮುದ್ರದಲ್ಲೇ ಇತ್ತು. ಫೆಬ್ರವರಿ 1ರಂದು ಡೋವರ್ ಬಳಿಯ ದಡಕ್ಕೆ ಅದು ಬಂದು ಬಿತ್ತು. ಸಫೊಕ್ ಪ್ರಾಂತ್ಯದ ಬೆಕ್ ರೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಪದಕ ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿದೆ.

ಆತ ಸತ್ತ ವಾರ ಆತನ ಊರಿನ ಕಡೆ ಗೋಧಿ ಕೊಯ್ಲಿನ ಕಾಲ. ಕೊಯ್ಯಲು ಜನವಿರಲಿಲ್ಲ. ಯುವಕರೆಲ್ಲ ಸೈನ್ಯಕ್ಕೆ, ಇಲ್ಲವೇ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋಗಿದ್ದರು. ಅದೇ 1942ರ ಜುಲೈನಲ್ಲಿ ಸರ್ಕಾರ ಹೆಂಗಸರ ಕೃಷಿ ದಳವೊಂದನ್ನು ಕಟ್ಟಿತ್ತು. ಪಟ್ಟಣದ ಅಂಗಡಿ ಕಚೇರಿಗಳ ಹುಡುಗಿಯರು ಹಳ್ಳಿಗೆ ಬಂದು ಹಾಲು ಕರೆದರು, ಟ್ರ್ಯಾಕ್ಟರ್ ನಡೆಸಿದರು, ಹಣ್ಣು ತರಕಾರಿ ಕಿತ್ತರು.

ಆಳಿನ ಕೊರತೆಯ ಜೊತೆಗೆ ಗೊಬ್ಬರದ ಕೊರತೆ. ಆಸ್ಟ್ರೇಲಿಯಾದ ಗೋಧಿ ನೆಲದಲ್ಲಿ ಹುಟ್ಟಿನಿಂದಲೇ ರಂಜಕ ಕಡಿಮೆ. ಬೀಜದ ಜೊತೆಗೇ ಕೂರಿಗೆಯಲ್ಲಿ ಸೂಪರ್ ಫಾಸ್ಫೇಟ್ ಬಿಡುವುದು ಅಲ್ಲಿಯ ರೂಢಿ. ಆ ಸೂಪರ್ ತಯಾರಾಗುತ್ತಿದ್ದದ್ದು ಪೆಸಿಫಿಕ್ ಸಾಗರದ ನೌರು ಮತ್ತು ಓಷನ್ ಎಂಬ ಎರಡು ಪುಟ್ಟ ದ್ವೀಪಗಳ ಶಿಲಾರಂಜಕದಿಂದ. 1940ರ ಡಿಸೆಂಬರಿನಲ್ಲಿ ಜರ್ಮನರ ಹಡಗೊಂದು ನೌರುವಿನ ರಂಜಕ ತುಂಬುವ ಕಟ್ಟೆಗಳಿಗೆ ಗುಂಡು ಹಾಕಿ ಹಾಳುಗೆಡವಿತು. 1942ರ ಆಗಸ್ಟಿನಲ್ಲಿ ಜಪಾನೀಯರು ಆ ದ್ವೀಪವನ್ನೇ ಹಿಡಿದರು. ಯುದ್ಧಕಾಲದಲ್ಲಿ ಸೂಪರ್ ಪಡಿತರಕ್ಕೆ ಬಂತು. ಸಾವಿರಾರು ಮೈಲಿ ದೂರದ ದ್ವೀಪದಲ್ಲಿ ಬಿದ್ದ ಗುಂಡು ರೈತನ ಕೂರಿಗೆಯ ಬಟ್ಟಲನ್ನು ಖಾಲಿ ಮಾಡುವುದು ಹೀಗೆ. ನಮಗೂ ಶಿಲಾರಂಜಕದ ಬಹುಪಾಲು ಹೊರದೇಶಗಳಿಂದಲೇ ಬರಬೇಕು. ಮಣ್ಣು ಪರೀಕ್ಷೆ ಮಾಡಿಸದೆ ಕಣ್ಣು ಮುಚ್ಚಿ ಡಿ.ಎ.ಪಿ. ಚೆಲ್ಲುವವರು ಆ ಬಟ್ಟಲನ್ನು ಒಮ್ಮೆ ನೆನೆಸಿಕೊಳ್ಳಬೇಕು.

1943ರಲ್ಲಿ ಹೊಲದ ಕೆಲಸಕ್ಕೆ ಇನ್ನೊಂದು ತರದ ಆಳುಗಳು ಬಂದರು. ಆಫ್ರಿಕದ ರಣರಂಗಗಳಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬ್ರಿಟಿಷರು ಅಲ್ಲಲ್ಲಿ ಇರಿಸಿದ್ದರು. ಭಾರತದಲ್ಲಿ ಅಂಥ ಶಿಬಿರಗಳು ಹಲವು. ನಮ್ಮ ಬೆಂಗಳೂರಿನಲ್ಲಿಯೂ ಇದ್ದವು. ಆಸ್ಟ್ರೇಲಿಯಾದಲ್ಲಿ ಇರಿಸಿದ್ದ ಇಟಲಿಯ ಕೈದಿಗಳು 18,000ಕ್ಕೂ ಹೆಚ್ಚು. ಅವರಲ್ಲಿ ಸಾವಿರಾರು ಜನ ಭಾರತದ ಶಿಬಿರಗಳಿಂದಲೇ ಹಡಗು ಹತ್ತಿ ಹೋದವರು. ಬಹಳ ಮಂದಿ ಮೂಲತಃ ರೈತರ ಮಕ್ಕಳು. ಅವರನ್ನು ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ, ಕಾವಲಿಲ್ಲದೆ, ಕೆಂಪು ಬಣ್ಣ ಅದ್ದಿದ ಬಟ್ಟೆ ತೊಡಿಸಿ ರೈತರ ಮನೆಗಳಿಗೆ ಕಳಿಸಿದರು. ಬಾಂಬು ಬಿದ್ದ ದೇಶದವರು, ಬಾಂಬು ಹಾಕಿದವನ ಸೀಮೆಯಲ್ಲಿ ಬೇಲಿ ಕಟ್ಟಿದರು, ಕುರಿ ಹೊಡೆದರು, ಗೋಧಿ ಚೀಲ ಹೊತ್ತರು. ಹಲವು ಮನೆಗಳಲ್ಲಿ ಅವರು ಮನೆಯವರ ಜೊತೆಗೆ ಒಂದೇ ಮೇಜಿನಲ್ಲಿ ಊಟಕ್ಕೆ ಕುಳಿತರು, ಅದು ಸರ್ಕಾರದ ನಿಯಮಕ್ಕೆ ವಿರುದ್ಧವಾಗಿದ್ದರೂ. 1946, 47ರ ಹೊತ್ತಿಗೆ ಅವರನ್ನೆಲ್ಲ ಇಟಲಿಗೆ ವಾಪಸು ಕಳಿಸಿದರು. ಅವರಲ್ಲಿ ಕೆಲವರು ಮುಂದೆ, ತಾವು ದುಡಿದ ಹೊಲದ ರೈತನಿಂದಲೇ ಶಿಫಾರಸು ಪತ್ರ ತರಿಸಿಕೊಂಡು, ಹೆಂಡತಿ ಮಕ್ಕಳೊಡನೆ ಆಸ್ಟ್ರೇಲಿಯಾಕ್ಕೆ ತಿರುಗಿ ಬಂದು ಅಲ್ಲಿಯೇ ಬೇಸಾಯಕ್ಕೆ ನಿಂತರು.